ಐದು ಗುಂಡೋ, ಆರು ಗುಂಡೋ

ಚಿಕ್ಕಬೈರಪ್ಪನವರು ತೀರಿಕೊಂಡ ಸುದ್ದಿ ಬಂದಾಗ ಅವರ ತಮ್ಮ ಪಿಳ್ಳಣ್ಣ ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಕಿವಿ ತೋರಿಸಿಕೊಳ್ಳುತ್ತಿದ್ದ. ಡಾಕ್ಟರಮ್ಮ ಅವನ ಬಲಗಿವಿಗೆ ಪುಟ್ಟ ಯಂತ್ರವೊಂದನ್ನು ಸಿಕ್ಕಿಸಿ, "ಈಗ ಕೇಳಿಸ್ತಿದೆಯಾ ಅಂಕಲ್?" ಎನ್ನುತ್ತಿರುವಾಗಲೇ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪಿಳ್ಳಣ್ಣ ಅಭ್ಯಾಸಬಲದಿಂದ ಅದನ್ನು ಯಂತ್ರವಿಲ್ಲದ ಎಡಗಿವಿಗೆ ಒತ್ತಿಕೊಂಡ. ಆ ಕಡೆ ಹೆಂಡತಿ ಲಕ್ಷ್ಮಮ್ಮ.

"ರೀ, ಬಾವನೋರು ಹೋಗ್ಬಿಟ್ರು."

"ಎಲ್ಲಿಗೆ?"

"ಅಯ್ಯೋ, ಹೋಗ್ಬಿಟ್ರು ಅಂದ್ರೆ!"

"ಅದೇ ಕಣೇ, ಎಲ್ಲಿಗೆ ಅಂತೀನಿ. ತಿಂಡಿ ತಿಂದ್ಕೊಂಡು ಹೋದ್ನಾ?"

ಪಿಳ್ಳಣ್ಣನ ಮಾತು ಯಾವಾಗಲೂ ಎತ್ತರದ ದನಿಯಲ್ಲಿ; ಅವನ ಫೋನಿನದೂ ಅಷ್ಟೇ. ಹೊರಗೆ ಬೆಂಚಿನ ಮೇಲೆ ಕಾದಿದ್ದವರೆಲ್ಲ ತಲೆ ತಗ್ಗಿಸಿದರು. ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆ ಕ್ಲಿನಿಕ್ಕಿನಲ್ಲಿ ಸುದ್ದಿ ಎಲ್ಲರಿಗಿಂತ ಕೊನೆಗೆ ಅರ್ಥವಾದದ್ದು ಪಿಳ್ಳಣ್ಣನಿಗೆ. ಅರ್ಥವಾದೊಡನೆ ಎದ್ದವನು ಎದ್ದಂತೆಯೇ ಆಟೋ ಹತ್ತಿದ. ಕ್ಲಿನಿಕ್ಕಿನವರ ಯಂತ್ರ ಅವನ ಕಿವಿಯಲ್ಲೇ ಉಳಿಯಿತು. ಹಾಗಾಗಿ ಹತ್ತು ವರ್ಷಗಳ ನಂತರ ಅವನಿಗೆ ಸ್ಪಷ್ಟವಾಗಿ ಕೇಳಿಸಿದ ಮೊದಲ ಸದ್ದು ಸ್ವಂತ ಮನೆಯ ಬಾಗಿಲಲ್ಲಿ ಹೆಂಗಸರು ಅಳುತ್ತಿದ್ದ ಸದ್ದು. ಮರುವಾರ ಹೋಗಿ ಯಂತ್ರವನ್ನು ವಾಪಸು ಕೊಟ್ಟು, "ಬೇಡ ತಾಯಿ, ಕೇಳಿದ್ದು ಸಾಕು" ಎಂದು ಕೈಮುಗಿದು ಬಂದ.

ಅಣ್ಣನಿಗೆ ಎಂಬತ್ತೊಂದು, ತಮ್ಮನಿಗೆ ಅರವತ್ತಾರು. ಅಪ್ಪ ಬೇಗ ಹೋದದ್ದರಿಂದ ತಮ್ಮನನ್ನು ಎತ್ತಿ ಆಡಿಸಿದವರು, ಓದಿಸಿದವರು, ಅವನು ಓದದೇ ಇದ್ದಾಗ ಬಡಿದವರು, ಮದುವೆ ಮಾಡಿದವರು ಎಲ್ಲ ಚಿಕ್ಕಬೈರಪ್ಪನವರೇ. ತಾವು ಮದುವೆಯಾಗಲಿಲ್ಲ. ಅಂಜನಾಪುರದ ಹಳೇ ಊರಿನಲ್ಲಿ ಅವರ ಮನೆಗೆ "ಕೋವಿಯವರ ಮನೆ" ಎಂದೇ ಹೆಸರು. ಆ ಕಾಲದಲ್ಲಿ ರಾಗಿ ಹೊಲಕ್ಕೆ ನುಗ್ಗುವ ಹಂದಿ ಓಡಿಸಲೆಂದು ಸರಕಾರ ಲೈಸೆನ್ಸು ಕೊಟ್ಟಿದ್ದ ಜೋಡುನಳಿಗೆಯ ಕೋವಿ ಅದು. ಆಮೇಲೆ ಹಂದಿ ಹೋಯಿತು, ರಾಗಿ ಹೋಯಿತು, ಹೊಲವೂ ಹೋಗಿ ಅಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳೆದ್ದವು. ಕೋವಿ ಮಾತ್ರ ಉಳಿಯಿತು. ಅದಕ್ಕೆ ವರ್ಷಕ್ಕೊಂದೇ ದಿನ ಕೆಲಸ. ಊರ ದೇವತೆ ಕೆರೆಕೋಡಮ್ಮನ ಬೆಳ್ಳಿಯ ಮುಖವಾಡ ನಾಲ್ಕು ತಲೆಮಾರಿನಿಂದ ಇವರ ದೇವರಮನೆಯಲ್ಲಿತ್ತು. ಭೀಮನ ಅಮಾವಾಸ್ಯೆಯ ಬೆಳಿಗ್ಗೆ ಚಿಕ್ಕಬೈರಪ್ಪನವರು ಅದನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು, ಹೆಗಲಿಗೆ ಕೋವಿ ನೇತುಹಾಕಿಕೊಂಡು ಗುಡಿಗೆ ನಡೆಯುತ್ತಿದ್ದರು. ಹಿಂದೆ ಪಿಳ್ಳಣ್ಣ ಛತ್ರಿ ಹಿಡಿಯುತ್ತಿದ್ದ. ನೆರಳು ಅಮ್ಮನ ಮೇಲೆ ಬೀಳುವುದಕ್ಕಿಂತ ಪಕ್ಕದವರ ಮೇಲೆ ಬೀಳುತ್ತಿದ್ದುದೇ ಹೆಚ್ಚು. ಏಕೆಂದರೆ ಒಂದೆಡೆ ನಿಲ್ಲುವುದು, ಒಂದೆಡೆ ಕೂರುವುದು ಅವನ ಜಾತಕದಲ್ಲಿರಲಿಲ್ಲ.

ಹನ್ನೊಂದನೆಯ ದಿನದ ಊಟದ ಪಂಕ್ತಿಯಲ್ಲಿ ಗುಡಿಯ ಸಮಿತಿಯ ಅಧ್ಯಕ್ಷ ಪರಮಶಿವಯ್ಯನವರು ಗಂಟಲು ಸರಿಮಾಡಿಕೊಂಡರು.

"ಪಿಳ್ಳಣ್ಣೋರೇ, ಲೈಸೆನ್ಸು ಇದ್ದೋರು ಹೋದ್ರು, ಕೋವೀನ ಸ್ಟೇಷನ್ನಿಗೆ ಒಪ್ಸಿದ್ದಾಯ್ತು. ಅಮ್ಮನ ಮುಖವಾಡ ಎರಡೂವರೆ ಕೇಜಿ ಬೆಳ್ಳಿ. ಮೊನ್ನೆ ಹಾಲಿನ ಬೂತ್ ಹತ್ರಾನೇ ಸರ ಕಿತ್ಕೊಂಡು ಹೋದ್ರು. ಇನ್ಮೇಲೆ ಅಮ್ಮನ್ನ ಬ್ಯಾಂಕ್ ಲಾಕರಲ್ಲಿ ಇಟ್ಟು, ಅಮಾವಾಸ್ಯೆ ದಿವಸ ವ್ಯಾನಲ್ಲಿ ಕರ್ಕೊಂಡು ಬರೋಣ ಅಂತ ಕಮಿಟಿ ಅಭಿಪ್ರಾಯ."

ಅಣ್ಣ ಹೋಗಿ ಹನ್ನೊಂದು ದಿನ. ಈಗ ಅಮ್ಮನೂ ಮನೆ ಬಿಟ್ಟು ಹೋಗುವುದೇ? ಪಿಳ್ಳಣ್ಣ ಎಲೆಯ ಮುಂದಿನಿಂದ ಎದ್ದೇಬಿಟ್ಟ.

"ಯಾಕ್ ಹೋಗ್ತಾಳೆ? ಕೋವಿ ಹೋದ್ರೆ ಹೋಯ್ತು, ನಾನಿಲ್ವಾ? ನನ್ನ ವ್ಯವಸ್ಥೆ ನಾನು ಮಾಡ್ಕೊತೀನಿ. ಭೀಮನ ಅಮಾವಾಸ್ಯೆ ಬರ್ಲಿ, ಯಾವನ್ ಬರ್ತಾನೋ ನೋಡೇಬಿಡ್ತೀನಿ!" ಎಂದು ಕೈ ಬೀಸಿದ. ಬೀಸಿದ ಕೈಯಲ್ಲಿ ಪಾಯಸದ ಲೋಟವಿತ್ತು. ಪರಮಶಿವಯ್ಯನವರು ಪಂಚೆ ಒದರಿಕೊಳ್ಳುತ್ತ, "ಅಮಾವಾಸ್ಯೆ ತನಕ ಟೈಮ್ ಕೊಟ್ಟಿದೀವಿ" ಎಂದು ಎದ್ದರು. ಆ ವ್ಯವಸ್ಥೆ ಏನೆಂಬುದು ಪಿಳ್ಳಣ್ಣನಿಗೂ ಆಗ ಗೊತ್ತಿರಲಿಲ್ಲ.

ಅದನ್ನು ಸೂಚಿಸಿದವನು ಮೇಲಿನ ಮನೆಯ ಬಾಡಿಗೆದಾರ ಸೋಮನಾಥ್. ನಿವೃತ್ತ ಹವಾಲ್ದಾರ್. ಗಡಿಯಲ್ಲಿ ಅವನು ಮಾಡಿದ ಸೇವೆಯ ವಿಷಯ ಬೀದಿಯವರಿಗೆ ಅಷ್ಟಾಗಿ ತಿಳಿಯದು. ಮಿಲಿಟರಿ ಕ್ಯಾಂಟೀನಿನಿಂದ ಅವನು ತಿಂಗಳಿಗೊಮ್ಮೆ ತರುವ ಬಾಟಲಿಗಳ ವಿಷಯ ಎಲ್ಲರಿಗೂ ತಿಳಿದಿತ್ತು.

"ಕೋವಿ ಎತ್ತೋ ಶಕ್ತಿ ನಿಮಗಿಲ್ಲ ಅಂಕಲ್," ಎಂದ ಸೋಮನಾಥ್. "ಚಿಕ್ಕ ರಿವಾಲ್ವರ್ ತಗೊಳಿ. ಲೈಸೆನ್ಸಿಗೆ ನಾನು ಅರ್ಜಿ ಬರ್ಕೊಡ್ತೀನಿ. ಸೊಂಟದಲ್ಲಿ ಇಟ್ಕೊಂಡ್ರೆ ಆಯ್ತು. ಆದ್ರೆ ಯಾರಿಗೂ ಹೇಳ್ಬೇಡಿ. ಮುಚ್ಚಿಟ್ಕೊಳ್ಳೋ ಆಯುಧ ಊರಿಗೆಲ್ಲ ಗೊತ್ತಾದ್ರೆ ಅದು ಮುಚ್ಚಿಟ್ಟ ಹಾಗಲ್ಲ."

"ಲಕ್ಷ್ಮಿಗೆ?"

"ಆಂಟಿಗೆ ಹೇಳಿದ್ರೆ ಮೈಕಲ್ಲಿ ಹೇಳ್ದಂಗೆ."

ಹೀಗೆ ಪಿಳ್ಳಣ್ಣ ಜೀವಮಾನದಲ್ಲೇ ಮೊದಲ ಬಾರಿಗೆ ಒಂದು ಗುಟ್ಟನ್ನು ಇಟ್ಟುಕೊಂಡ. ಅದನ್ನು ಕಾಪಾಡಿಕೊಂಡ ರೀತಿ ಹೀಗಿತ್ತು: ಪ್ರತಿದಿನ ಸಂಜೆ ತಾರಸಿಗೆ ಹೋಗಿ, ಸೋಮನಾಥನೊಂದಿಗೆ, ಮೂರು ಮನೆಯಾಚೆಗೆ ಕೇಳುವ ದನಿಯಲ್ಲಿ ಗುಟ್ಟಾಗಿ ಮಾತಾಡುವುದು.

ಒಂದು ಸಂಜೆ ಪಕ್ಕದ ಮನೆಯ ಅಂಕಮ್ಮ ತನ್ನ ತಾರಸಿಯಲ್ಲಿ ಒಣಮೆಣಸಿನಕಾಯಿ ಎತ್ತಿಡುತ್ತಿದ್ದಳು.

"ಸೋಮನಾಥ್ ಸಾರ್, ನನಗೆ ಐದು ಗುಂಡು ಸಾಕಾ, ಆರು ಬೇಕಾ?"

"ನಿಮ್ಮ ವಯಸ್ಸಿಗೆ ಐದೇ ಜಾಸ್ತಿ ಅಂಕಲ್."

"ಆರಾದ್ರೆ?"

"ಆರಾದ್ರೆ ಭಾರ ಆಗುತ್ತೆ. ನಡಿಗೆ ವಾಲುತ್ತೆ. ನೋಡಿದೋರಿಗೆ ಗೊತ್ತಾಗ್ಬಿಡುತ್ತೆ. ಐದರದ್ದು ಚಿಕ್ಕದು, ಸೊಂಟದಲ್ಲಿ ಸಿಕ್ಕಿಸ್ಕೊಂಡ್ರೆ ಆಂಟಿಗೂ ಕಾಣಲ್ಲ. ಆದ್ರೆ ಒಂದು ತಿಳ್ಕೊಳಿ, ಚಿಕ್ಕದಾದಷ್ಟೂ ಕಿಕ್ ಜಾಸ್ತಿ."

"ಕಿಕ್ಕು ಅಂದ್ರೆ?"

"ಒಂದು ಹೊಡೆದ್ರೆ ಕೈ ಎಗರುತ್ತೆ, ಮೈ ನಡುಗುತ್ತೆ. ಅಭ್ಯಾಸ ಇಲ್ದೋರು ಅಂಗಾತ ಬೀಳ್ತಾರೆ."

"ಬೀಳ್ಲಿ ಬಿಡಿ. ಅಮ್ಮನ ಸೇವೆ ಅಂತ ಹೊಡೀತೀನಿ!"

ಅಂಕಮ್ಮನ ಕೈಯಿಂದ ಮೊರ ಜಾರಿತು. ಇಡೀ ಆಯುಷ್ಯದಲ್ಲಿ ಒಂದು ಸೋಡಾ ಕೂಡ ಹೊರಗೆ ಕುಡಿಯದ ಮನುಷ್ಯ ಈಗ ದಿನಕ್ಕೆ ಐದು ಗುಂಡು ಹಾಕುತ್ತಾನಂತೆ! ಅದೂ ಅಮ್ಮನ ಹೆಸರಿನಲ್ಲಿ! ಅವಳು ಮೆಣಸಿನಕಾಯಿಯನ್ನು ಅಲ್ಲೇ ಬಿಟ್ಟು ಕೆಳಗಿಳಿದಳು. ಇಂಥ ಸುದ್ದಿಯನ್ನು ಹೊತ್ತುಕೊಂಡು ತಾರಸಿಯ ಮೇಲೆ ನಿಲ್ಲುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಅರ್ಜಿ ಹಾಕಿ ಎರಡು ವಾರವಾದ ಮೇಲೆ ಪಿಳ್ಳಣ್ಣ ಒಬ್ಬನೇ ಪೇಟೆಯ ಬಂದೂಕಿನ ಅಂಗಡಿಗೆ ಹೋಗಿಬಂದ. ಗಾಜಿನ ಪೆಟ್ಟಿಗೆಯೊಳಗೆ ಎರಡು ರಿವಾಲ್ವರು ಅಕ್ಕಪಕ್ಕ ಮಲಗಿದ್ದವು. ಒಂದು ಐದು ಗುಂಡಿನದು, ಮೋಟು ಮೂತಿಯದು. ಇನ್ನೊಂದು ಆರು ಗುಂಡಿನದು, ಸ್ವಲ್ಪ ದಪ್ಪ.

"ಲೈಸೆನ್ಸ್ ಬರೋ ತನಕ ಮುಟ್ಟೋ ಹಾಗಿಲ್ಲ ಯಜಮಾನ್ರೇ, ಕಣ್ಣಲ್ಲೇ ನೋಡಿ," ಎಂದ ಅಂಗಡಿಯವನು.

ಪಿಳ್ಳಣ್ಣ ಬದನೆಕಾಯಿ ಆರಿಸುವವನಂತೆ ಈ ಕಡೆಯಿಂದ, ಆ ಕಡೆಯಿಂದ, ಕೊನೆಗೆ ಬಗ್ಗಿ ಕೆಳಗಿನಿಂದಲೂ ನೋಡಿದ.

"ಇವೆರಡರಲ್ಲಿ ಶಬ್ದ ಕಮ್ಮಿ ಬರೋದು ಯಾವ್ದು?"

"ಶಬ್ದ ಬೇಡ ಅಂದ್ರೆ ಹೊಡೀಬೇಡಿ."

"ಹೊಡೀದೆ ಬರೀ ತೋರ್ಸೋಕೆ ಯಾವ್ದು ಚೆನ್ನಾಗಿರುತ್ತೆ?"

"ಕಾಣದಂಗೆ ಇಟ್ಕೊಳ್ಳೋಕೆ ಬೇಕು ಅಂದ್ರಲ್ಲ?"

"ಹೌದು. ಕಾಣಬಾರದು, ಆದ್ರೆ ಬೇಕಾದಾಗ ಕಾಣ್ಬೇಕು."

ಅಂಗಡಿಯವನು ದೀರ್ಘವಾಗಿ ಉಸಿರುಬಿಟ್ಟು, "ಮನೇಲಿ ಒಂದ್ಸಲ ಕೇಳ್ಕೊಂಡು ಬನ್ನಿ" ಎಂದ.

ತೀರ್ಮಾನವಾಗದೆ ಪಿಳ್ಳಣ್ಣನ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಕೂತರೆ ಐದು ಎನಿಸುತ್ತಿತ್ತು, ನಿಂತರೆ ಆರು. ಸೋಮನಾಥನೇ ಉಪಾಯ ಹೇಳಿದ: ಅಷ್ಟೇ ತೂಕದ ವಸ್ತುವನ್ನು ಕೆಲವು ದಿನ ಸೊಂಟದಲ್ಲಿಟ್ಟುಕೊಂಡು ಓಡಾಡಿ, ಯಾವುದು ಒಗ್ಗುತ್ತದೋ ಅದನ್ನೇ ಕೊಳ್ಳುವುದು. ವಸ್ತುವಿಗೆ ಹುಡುಕಾಡಬೇಕಾಗಿರಲಿಲ್ಲ. ಸೋಮನಾಥನ ಮಂಚದ ಕೆಳಗೆ ಖಾಲಿ ಬಾಟಲಿಗಳ ಒಂದು ರೆಜಿಮೆಂಟೇ ಇತ್ತು. ಎದುರಿಗೆ ಕಟ್ಟುತ್ತಿದ್ದ ಮನೆಯ ಮರಳನ್ನು ತುಂಬಿದ ಕ್ವಾರ್ಟರ್ ಬಾಟಲಿ ಐದು ಗುಂಡಿನದಕ್ಕೆ ಸಮ, ಹಾಫ್ ಬಾಟಲಿ ಆರು ಗುಂಡಿನದಕ್ಕೆ ಸಮ ಎಂದು ಇಬ್ಬರೂ ಕೈಯಲ್ಲೇ ತೂಗಿ ಒಪ್ಪಿಕೊಂಡರು.

ಬಾಟಲಿಯನ್ನು ಉಡಿದಾರಕ್ಕೆ ಕಟ್ಟಿ, ಮೇಲೆ ಪಂಚೆ ಉಟ್ಟು, ಪಿಳ್ಳಣ್ಣ ಬೀದಿಗಿಳಿದ. ಸೋಮವಾರ, ಮಂಗಳವಾರ ಹಾಫ್. ಎಡಕ್ಕೆ ವಾಲಿಕೊಂಡು, ಗೋಡೆ ಹಿಡಿದು ನಡೆದ. ಬುಧವಾರದಿಂದ ಕ್ವಾರ್ಟರ್. ವಾಲುವುದು ನಿಂತಿತು, ಆದರೆ ಹೆಜ್ಜೆಗೊಮ್ಮೆ ಸೊಂಟ ಮುಟ್ಟಿ ನೋಡಿಕೊಂಡು, ಸುತ್ತ ಯಾರಾದರೂ ಕಂಡರೇ ಎಂದು ಕಣ್ಣು ಹಾಯಿಸಿ, ಒಮ್ಮೆ ನಗುವುದು ಅಭ್ಯಾಸವಾಯಿತು. ಗಾಳಿಗೆ ಪಂಚೆ ಹಾರಿದಾಗ ಅಂಕಮ್ಮ ಬಾಟಲಿಯ ಬಿರಡೆಯನ್ನು ಕಣ್ಣಾರೆ ಕಂಡಳು.

"ಲಕ್ಷ್ಮಕ್ಕ, ಮೊದ್ಲು ಹಾಫ್ ಇತ್ತಂತೆ, ಈಗ ಕ್ವಾರ್ಟರಿಗೆ ಇಳಿದಿದಾರೆ. ದೇವ್ರು ದೊಡ್ಡೋನು," ಎಂದು ಸಮಾಧಾನ ಹೇಳಿದಳು. "ಆದ್ರೆ ಲೈಸೆನ್ಸಿಗೆ ಅರ್ಜಿ ಬೇರೆ ಹಾಕಿದಾರಂತಲ್ಲ? ಅದ್ಯಾಕೆ?"

ಲೈಸೆನ್ಸು ಎಂಬ ಮಾತು ಬೀದಿಗೆ ಬಿದ್ದದ್ದೇ ತಡ. ಪಿಳ್ಳಣ್ಣನ ಮನೆಯ ಕೆಳಗೆ, ಟೈಲರ್ ಬಿಟ್ಟುಹೋದ ಮೇಲೆ ಖಾಲಿ ಬಿದ್ದಿದ್ದ ಅಂಗಡಿಯೊಂದಿತ್ತು. ಬೆಳಿಗ್ಗೆ ಹಾಲಿನ ಬೂತಿನಲ್ಲಿ ಅದು ವೈನ್ ಸ್ಟೋರ್ ಆಯಿತು. ಮಧ್ಯಾಹ್ನ ತರಕಾರಿ ಗಾಡಿಯ ಬಳಿ ಬಾರ್ ಆಯಿತು. ಸಂಜೆಯ ಹೊತ್ತಿಗೆ "ಶ್ರೀ ಕೆರೆಕೋಡಮ್ಮ ಬಾರ್ ಅಂಡ್ ರೆಸ್ಟೋರೆಂಟ್" ಎಂಬ ಹೆಸರು ಬಂದು, ಮೀನಿನ ಫ್ರೈ ಚೆನ್ನಾಗಿರುತ್ತದೆ ಎಂಬ ಮಾತೂ ಹಬ್ಬಿತು.

ಲಕ್ಷ್ಮಮ್ಮ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಗಂಡ ಒಳಗೆ ಬಂದೊಡನೆ ಅಡ್ಡ ನಿಂತಳು.

"ಬಾಯಿ ತೆಗೀರಿ."

"ಆ?"

"ಹಾ ಅನ್ನಿ."

"ಹಾ."

ಬರೀ ಏಲಕ್ಕಿ ವಾಸನೆ. ಏಲಕ್ಕಿ ಯಾಕೆ ಅಗಿಯುತ್ತಾರೆಂಬುದು ಅವಳಿಗೆ ಗೊತ್ತಿಲ್ಲವೇ? ಕಣ್ಣೀರು ಬಂತು. "ಬರೋ ಅಮಾವಾಸ್ಯೆಗೆ ಗಂಡನ ಪೂಜೆ ಅಂತ ಈ ಪಾದ ತೊಳೀಬೇಕಲ್ಲಪ್ಪ ನಾನು! ಬಾವನೋರು ಇದ್ದಿದ್ರೆ ಇದನ್ನೆಲ್ಲ ನೋಡ್ತಿದ್ರಾ?"

ಪಿಳ್ಳಣ್ಣನಿಗೆ ಕೇಳಿಸಿದ್ದು "ಬಾವನೋರು ಇದ್ದಿದ್ರೆ" ಎಂಬುದಷ್ಟೇ. ಅವನಿಗೂ ಕಣ್ಣೀರು ಬಂತು. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಒಟ್ಟಿಗೆ ಅತ್ತರು.

ಅಮಾವಾಸ್ಯೆಗೆ ಹತ್ತು ದಿನವಿದ್ದಾಗ ಪರಮಶಿವಯ್ಯನವರು ಗುಡಿಯ ಅಂಗಳದಲ್ಲಿ ಸಭೆ ಕರೆದರು. ಇಂಥ ಸಭೆಗೆ ಯಾವಾಗಲೂ ಏಳು ಜನ. ಅವತ್ತು ಜಾಗ ಸಾಲದೆ ಹೆಂಗಸರು ಕಟ್ಟೆಯ ಮೇಲೂ ಕೂತರು. ಮುಂದಿನ ಸಾಲಿನಲ್ಲಿ ಅಂಕಮ್ಮ. ಕಂಬಕ್ಕೆ ಒರಗಿ ಲಕ್ಷ್ಮಮ್ಮ. ಮುಖವಾಡ ಪಿಳ್ಳಣ್ಣನ ಮನೆಯಲ್ಲೇ ಇರಬೇಕೋ ಲಾಕರಿಗೆ ಹೋಗಬೇಕೋ ಎಂಬುದು ಅವತ್ತೇ ತೀರ್ಮಾನವಾಗಬೇಕು.

"ಪಿಳ್ಳಣ್ಣೋರೇ," ಎಂದರು ಪರಮಶಿವಯ್ಯನವರು ಗಟ್ಟಿಯಾಗಿ, "ಗುಂಡಿನ ವಿಷಯ ನಿಜವಾ?"

ಪಿಳ್ಳಣ್ಣ ಬೆಚ್ಚಿದ. "ಯಾರ್ ಹೇಳಿದ್ದು? ಸೋಮನಾಥ್ ಸಾರಾ?"

"ಯಾರಾದ್ರೂ ಹೇಳ್ಲಿ. ನಿಜವೋ ಸುಳ್ಳೋ?"

"ನಿಜ. ಗುಡಿ ಮುಂದೆ ಸುಳ್ಳು ಹೇಳಲ್ಲ. ಎಲ್ಲಾ ಅಮ್ಮನಿಗೋಸ್ಕರ."

ಸಭೆಯಲ್ಲಿ ಗುಜುಗುಜು ಎದ್ದಿತು.

"ಎಷ್ಟು?"

"ಮೊದ್ಲು ಆರು ಅಂದ್ಕೊಂಡಿದ್ದೆ. ತಡ್ಕೊಳ್ಳೋಕಾಗ್ಲಿಲ್ಲ. ಈಗ ಐದಕ್ಕೆ ಇಳಿಸಿದೀನಿ."

"ಅಮ್ಮನ್ನ ಹೊತ್ಕೊಂಡು ಹೋಗೋ ದಿವಸಾನೂ?"

"ಆ ದಿವಸಕ್ಕೇ ಅಲ್ವಾ ಮತ್ತೆ! ಬೇರೆ ದಿವಸ ನನಗ್ಯಾಕೆ ಬೇಕು ಗುಂಡು?"

ಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪರಮಶಿವಯ್ಯನವರು ಎದ್ದು ನಿಂತು, "ಆಯ್ತು. ಅಮ್ಮ ಇನ್ನು ಆ ಮನೇಲಿ ಇರೋ ಹಾಗಿಲ್ಲ" ಎಂದು ತೀರ್ಪು ಕೊಟ್ಟರು.

"ಇರೋ ಹಾಗಿಲ್ವಾ!" ಪಿಳ್ಳಣ್ಣ ಚಂಗನೆ ಹಾರಿ ಎದ್ದ. ಉಡಿದಾರ ಕಿತ್ತುಹೋಯಿತು. ಬಾಟಲಿ ಪಂಚೆಯೊಳಗಿಂದ ಕಾಲಗುಂಟ ಇಳಿದು, ಠಣ್ ಎಂದು ಕಲ್ಲಿಗೆ ಬಿದ್ದು, ಒಡೆಯದೆ, ಯಾರ ಅವಸರವೂ ಇಲ್ಲದೆ ಉರುಳುತ್ತ ಹೋಗಿ ಪರಮಶಿವಯ್ಯನವರ ಪಾದ ಮುಟ್ಟಿ ನಿಂತಿತು.

ಪರಮಶಿವಯ್ಯನವರು ಎರಡು ಬೆರಳಿನಲ್ಲಿ ಬಾಟಲಿ ಎತ್ತಿ, ಬಿರಡೆ ತೆಗೆದು, ಮೂಗು ಹಿಂದಕ್ಕೆಳೆದುಕೊಂಡು ಬಗ್ಗಿಸಿದರು. ಸುರ್ ಎಂದು ಅವರ ಪಂಚೆಯ ಮೇಲೆ ಮರಳು ಸುರಿಯಿತು.

"ಮರಳು!"

"ಅಯ್ಯೋ ಶಿವನೇ," ಎಂದಳು ಅಂಕಮ್ಮ, "ಈಗ ಮರಳನ್ನೇ ಕುಡಿಯೋಕೆ ಶುರು ಮಾಡಿದಾರಾ?"

ಅಷ್ಟರಲ್ಲಿ ಬೈಕು ನಿಲ್ಲಿಸಿ, ಕಂಕುಳಲ್ಲಿ ಫೈಲು ಹಿಡಿದು ಸ್ಟೇಷನ್ನಿನ ಎಎಸ್‌ಐ ರಾಮಪ್ರಸಾದ ಒಳಗೆ ಬಂದ. "ಲೈಸೆನ್ಸಿಗೆ ಅರ್ಜಿ ಹಾಕಿರೋ ಪಿಳ್ಳಣ್ಣ ಯಾರು? ಅಕ್ಕಪಕ್ಕದವರ ಹೇಳಿಕೆ ಬೇಕಿತ್ತು."

ಅಂಕಮ್ಮ ಎದ್ದೇಬಿಟ್ಟಳು. "ನಾನ್ ಕೊಡ್ತೀನಿ ಹೇಳಿಕೆ! ಬಾರ್ ಬೇಡ ಸಾರ್! ಹೆಣ್ಮಕ್ಕಳು ಓಡಾಡೋ ಬೀದಿ, ಮೇಲೆ ಅಮ್ಮ ಇರೋ ಮನೆ! ಮೀನು ಗೀನು ಏನೂ ಬೇಡ ನಮಗೆ!"

"ಯಾವ್ ಬಾರಮ್ಮ? ಯಾವ್ ಮೀನು? ಇವರು ಅರ್ಜಿ ಹಾಕಿರೋದು ರಿವಾಲ್ವರಿಗೆ."

"ರಿವಾಲ್ವರಾ?" ಎಂದಿತು ಸಭೆ ಒಂದೇ ಬಾಯಲ್ಲಿ.

"ಮತ್ತೆ ನಾನು ಇಷ್ಟೊತ್ತು ಹೇಳ್ತಿದ್ದಿದ್ದು ಏನು?" ಎಂದ ಪಿಳ್ಳಣ್ಣ. "ಐದು ಗುಂಡಿಂದು. ಬಾಟ್ಲಿ ತೂಕಕ್ಕೆ."

ಲಕ್ಷ್ಮಮ್ಮ ಮುಖದಿಂದ ಸೆರಗು ತೆಗೆದಳು. ನಗಬೇಕೋ ಬಯ್ಯಬೇಕೋ ತಿಳಿಯದೆ, "ನಿಮ್ಮ ಬಾಯಿಗೆ ಮರಳು ಹಾಕ!" ಎಂದು ಎರಡನ್ನೂ ಒಟ್ಟಿಗೆ ಮುಗಿಸಿದಳು.

ರಾಮಪ್ರಸಾದ ಕಟ್ಟೆಯ ಮೇಲೆ ಕೂತು ಫೈಲು ಬಿಚ್ಚಿದ. "ಯಜಮಾನ್ರೇ, ನಿಮ್ಮ ಅರ್ಜೀಲಿ ಏನೋ ಬರ್ದಿದೀರಲ್ಲ, 'ನಮ್ಮ ಅಣ್ಣನವರು ಕೋವಿಯಿಂದ ದೇವಿಯನ್ನು ಕಾಯುತ್ತಿದ್ದರು, ಆ ಕೆಲಸ ಮುಂದುವರಿಸಲು' ಅಂತ. ಅದಕ್ಕೆ ಹಳೇ ಫೈಲ್ ತೆಗೆಸಿ ನೋಡ್ದೆ. ನಿಮ್ಮಣ್ಣ ಇಪ್ಪತ್ತೊಂದು ವರ್ಷದಿಂದ ಒಂದು ಗುಂಡೂ ತಗೊಂಡಿಲ್ಲ."

"ಚಿನ್ನದಂಥ ಮನುಷ್ಯ. ತಗೊಳ್ಳೋರೇ ಅಲ್ಲ," ಎಂದಳು ಅಂಕಮ್ಮ.

"ಕೋವಿ ಗುಂಡಮ್ಮ! ಇದ್ದಿದ್ದನ್ನೂ ಸ್ಟೇಷನ್ನಿಗೆ ಒಪ್ಸಿಬಿಟ್ಟಿದಾರೆ. ಕಾಗದ ಇಲ್ಲೇ ಇದೆ."

ಅಂದರೆ ಇಷ್ಟು ವರ್ಷ ಇಡೀ ಊರು ಎದೆಯುಬ್ಬಿಸಿಕೊಂಡು ನಡೆದದ್ದು ಖಾಲಿ ಕೋವಿಯ ಹಿಂದೆ! ಪರಮಶಿವಯ್ಯನವರು ಕೈ ಚಾಚಿ ಕಾಗದ ಇಸಿದುಕೊಂಡು, ಪಿಳ್ಳಣ್ಣನಿಗೂ ಕೇಳಿಸಲೆಂದು ಗಟ್ಟಿಯಾಗಿ ಓದಿದರು:

"ಮಾನ್ಯರೇ, ನನ್ನ ಬಳಿ ಇರುವ ನಾಲ್ಕು ಗುಂಡುಗಳನ್ನು ಠಾಣೆಗೆ ಒಪ್ಪಿಸುತ್ತಿದ್ದೇನೆ. ಕಾರಣ, ಮನೆಯಲ್ಲಿ ನನ್ನ ತಮ್ಮನಿದ್ದಾನೆ. ಒಳ್ಳೆಯವನು. ಆದರೆ ಅವನ ಕೈ ಸುಮ್ಮನಿರುವುದಿಲ್ಲ. ನಿನ್ನೆ ಕೋವಿ ಒರೆಸುತ್ತೇನೆಂದು ಹಿಡಿದುಕೊಂಡಿದ್ದ. ಅವನಿಗೇನಾದರೂ ಆದರೆ ನನಗೆ ಬೇರೆ ಯಾರೂ ಇಲ್ಲ. ಈ ವಿಷಯವನ್ನು ಅವನಿಗೆ ತಿಳಿಸಬಾರದಾಗಿ ಕೋರುತ್ತೇನೆ. ಬೇಜಾರು ಮಾಡಿಕೊಳ್ಳುತ್ತಾನೆ."

"ಆಗ ನಿಮಗೆ ಎಷ್ಟು ವಯಸ್ಸು?" ಎಂದು ಕೇಳಿದ ರಾಮಪ್ರಸಾದ.

"ನಲವತ್ತೈದು," ಎಂದ ಪಿಳ್ಳಣ್ಣ.

ಅಂಗಳವೆಲ್ಲ ನಕ್ಕಿತು. ಲಕ್ಷ್ಮಮ್ಮನೂ ನಕ್ಕಳು. ಪಿಳ್ಳಣ್ಣನೂ ನಗಲು ಹೋದ, ಆದರೆ ನಗು ಅರ್ಧಕ್ಕೆ ತಿರುಗಿ ಬೇರೆ ದಾರಿ ಹಿಡಿಯಿತು. ಅಣ್ಣ ಸತ್ತ ದಿನ ಜನರ ಮಧ್ಯೆ ಅವನು ಸರಿಯಾಗಿ ಅತ್ತಿರಲಿಲ್ಲ. ಅತ್ತಿಂದಿತ್ತ ಓಡಾಡಿ ಚಪ್ಪರ, ಹೂವು, ನೀರು ಎಂದು ಎಲ್ಲರಿಗೂ ಅಡ್ಡ ಬಂದಿದ್ದ. ಈಗ ಗುಡಿಯ ಕಲ್ಲಿನ ಮೇಲೆ ಕೂತು ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು.

ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, "ಸಾರ್, ಆ ಅರ್ಜಿ ವಾಪಸ್ ಕೊಟ್ಬಿಡಿ" ಎಂದ. "ನನ್ನ ಕೈಗೆ ಗುಂಡು ಬೇಡ ಅಂತ ನಮ್ಮಣ್ಣ ಬರ್ದಿಟ್ಟು ಹೋಗಿದಾನೆ. ಅವನ ಮಾತು ಮೀರೋಕಾಗಲ್ಲ. ಪರಮಶಿವಯ್ಯನೋರೇ, ಅಮ್ಮನ್ನ ಲಾಕರಿಗೇ ಇಟ್ಕೊಳಿ. ನನ್ನ ಹತ್ರ ಬೇರೆ ವ್ಯವಸ್ಥೆ ಇಲ್ಲ."

ಪರಮಶಿವಯ್ಯನವರು ಪಂಚೆಯ ಮರಳನ್ನು ಮೆಲ್ಲಗೆ ಕೊಡವಿದರು. ಒಮ್ಮೆ ಪಾಯಸ, ಒಮ್ಮೆ ಮರಳು. ಈ ಮನುಷ್ಯನಿಂದ ಅವರಿಗೆ ಇನ್ನೇನು ಬರಬೇಕಾಗಿತ್ತೋ. "ಇಪ್ಪತ್ತೊಂದು ವರ್ಷ ಅಮ್ಮನ್ನ ಖಾಲಿ ಕೋವಿ ಕಾಯ್ತಿತ್ತು ಅಂತೀರಾ?" ಎಂದರು. "ಅವಳು ತನ್ನನ್ನ ತಾನೇ ಕಾಯ್ಕೊಂಡಿದಾಳೆ. ಜೊತೆಗೆ ನಮ್ಮನ್ನೂ. ಎಲ್ಲೂ ಹೋಗೋದು ಬೇಡ. ನಿಮ್ಮನೇಲೇ ಇರ್ಲಿ. ನೀವೇ ಹೊರಿ."

"ನಾವೆಲ್ಲಾ ಸುತ್ತ ನಡೀತೀವಿ," ಎಂದಳು ಅಂಕಮ್ಮ. "ಯಾವ್ ಕಳ್ಳ ಬರ್ತಾನೋ ನೋಡ್ತೀನಿ!"

"ನೀನು ಬಾಯಿ ತೆಗೆದ್ರೆ ಸಾಕು ಕಣೇ ತಾಯಿ," ಎಂದಳು ಲಕ್ಷ್ಮಮ್ಮ. "ಕೋವಿ ಯಾಕೆ ಬೇಕು?"

ಭೀಮನ ಅಮಾವಾಸ್ಯೆಯ ಬೆಳಿಗ್ಗೆ ಲಕ್ಷ್ಮಮ್ಮ ಗಂಡನ ಪಾದ ತೊಳೆದಳು. ಅವನು ಎರಡು ಸಲ ಕಾಲೆಳೆದುಕೊಂಡ, ಎರಡು ಸಲವೂ ಬೈಸಿಕೊಂಡ. ಆಮೇಲೆ ಬುಟ್ಟಿಯನ್ನು ತಲೆಯ ಮೇಲಿಟ್ಟು, ಎರಡೂ ಕೈಯಿಂದ ಹಿಡಿದು ಹೊರಟ. ಛತ್ರಿಯನ್ನು ಈ ಸಲ ಪರಮಶಿವಯ್ಯನವರೇ ಹಿಡಿದರು, ಆದ್ದರಿಂದ ನೆರಳು ಬೀಳಬೇಕಾದ ಕಡೆಯೇ ಬಿತ್ತು. ಸೋಮನಾಥ್ ಮುಂದೆ ನಡೆದು ದೊಡ್ಡ ರಸ್ತೆಯ ಆಟೋ, ಬಸ್ಸುಗಳನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದ. ಅಂಕಮ್ಮ ಸುತ್ತಲಿನವರನ್ನೆಲ್ಲ ಕಳ್ಳರೆಂಬಂತೆ ನೋಡುತ್ತ ಬಂದಳು. ದಾರಿಯುದ್ದಕ್ಕೂ ಪಿಳ್ಳಣ್ಣ ಒಮ್ಮೆಯೂ ಎಡವಲಿಲ್ಲ.

ಗುಡಿಯಲ್ಲಿ ಮುಖವಾಡ ಇಳಿಸಿ, ಮಂಗಳಾರತಿ ಆಗುವಾಗ ಅವನು ಎಲ್ಲರಿಗೂ ಕೇಳುವ ದನಿಯಲ್ಲಿ ಗುಟ್ಟಾಗಿ ಬೇಡಿಕೊಂಡ:

"ತಾಯೀ, ನಮ್ಮಣ್ಣನ ಜೀವಕ್ಕೆ ನೆಮ್ಮದಿ ಕೊಡು. ಬದುಕಿದ್ದಷ್ಟು ದಿವಸ ನನ್ನ ಮೇಲೊಂದು ಕಣ್ಣಿಟ್ಟೇ ಮಲಗಿದ. ಇನ್ನಾದ್ರೂ ಎರ್ಡೂ ಕಣ್ಣು ಮುಚ್ಚಿ ನಿನ್ನ ಮಡಿಲಲ್ಲಿ ಮಲಗ್ಲಿ."